ಸೊಂಟನೋವಿಗೆ ಕೈಚಿಕಿತ್ಸೆ: ಮೊದಲು ಕಾರಣ ತಿಳಿಯಿರಿ

ಎತ್ತು ಕುಂಟಿದರೆ ಅಂದೇ ಪಶುವೈದ್ಯರಿಗೆ ತೋರಿಸುವ ರೈತರು, ತಮ್ಮ ಸೊಂಟ ಹಿಡಿದುಕೊಂಡರೆ ಮಾತ್ರ ಟವೆಲ್ ಬಿಗಿದುಕೊಂಡು ತಿಂಗಳುಗಟ್ಟಲೆ ದುಡಿಯುತ್ತಾರೆ. ನೋವು ತಾಳಲಾರದೆ ಹೋದಾಗ ಉಳುಕು ತೆಗೆಯುವವರನ್ನು ಹುಡುಕುತ್ತಾರೆ. ಈಗ ಇನ್ನೊಂದು ದಾರಿಯೂ ತೆರೆದಿದೆ. ಬೆಂಗಳೂರಿನಲ್ಲಿ ನೆಲೆಸಿರುವ ಮಗನೋ ಮಗಳೋ, "ಕಲ್ಯಾಣ ನಗರದಲ್ಲಿ ಆಸ್ಟಿಯೋಪಥಿ ಮಾಡುತ್ತಾರಂತೆ, ತೋರಿಸೋಣ ಬಾ ಅಪ್ಪಾ" ಎಂದು ಕರೆಯುತ್ತಾರೆ. ಹೋಗಬಹುದೇ? ಹೋಗಬಹುದು. ಆದರೆ ಕೆಲವು ವಿಷಯ ತಿಳಿದು ಹೋಗುವುದು ಒಳ್ಳೆಯದು.

ಏನಿದು ಆಸ್ಟಿಯೋಪಥಿ?

ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಈ ಪದ್ಧತಿಯನ್ನು ಮುಂದಿಟ್ಟರು. 1892ರಲ್ಲಿ ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ಶಾಲೆ ತೆರೆಯಿತು. ಔಷಧಿಗಿಂತ ಕೈಗೇ ಇಲ್ಲಿ ಪ್ರಾಧಾನ್ಯ. ಬಿಗಿದ ಸ್ನಾಯುಗಳನ್ನು ಒತ್ತಿ ಸಡಿಲಿಸುವುದು, ಕೀಲುಗಳನ್ನು ಮೆಲ್ಲನೆ ಆಡಿಸುವುದು, ಕೆಲವೊಮ್ಮೆ ಬೆನ್ನುಮೂಳೆಗೆ ಚುರುಕಾಗಿ ಒತ್ತು ಕೊಡುವುದು ಇದರ ವಿಧಾನ. ಆಗ 'ಲಟಕ್' ಎಂಬ ಸದ್ದು ಬರುವುದುಂಟು. ಅದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದಾಗುವ ಸದ್ದೇ ಹೊರತು ಜಾರಿದ ಮೂಳೆ ಕೂಡಿಕೊಂಡ ಸದ್ದಲ್ಲ.

ಎಷ್ಟರಮಟ್ಟಿಗೆ ಗುಣ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಇವರಲ್ಲಿ ಬಹುಪಾಲು ಜನರಿಗೆ ಇಂಥದೇ ಕಾರಣವೆಂದು ಗುರುತಿಸಲಾಗದ ನೋವು. ಅದೇ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹುದಿನದ ಸೊಂಟನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಯ ಜೊತೆಗೆ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಮಾಲೀಸನ್ನೂ ಸೇರಿಸಿದೆ. ಸೊಂಟಪಟ್ಟಿ ಕಟ್ಟುವುದನ್ನೂ ಎಳೆತದ ಚಿಕಿತ್ಸೆಯನ್ನೂ ವಾಡಿಕೆಯಾಗಿ ಮಾಡಬೇಡಿ ಎಂದಿದೆ.

ಹಾಗೆಂದು ಕೈಚಿಕಿತ್ಸೆ ಪವಾಡವಲ್ಲ. ಸಿಗುವ ಉಪಶಮನ ಸಾಧಾರಣ ಮಟ್ಟದ್ದು. ನಡಿಗೆ, ವ್ಯಾಯಾಮಗಳೊಡನೆ ಕೂಡಿದರೆ ಪ್ರಯೋಜನ ಹೆಚ್ಚು. ಸವೆದ ಮಂಡಿಯ ಮೃದ್ವಸ್ಥಿಯನ್ನು ಇದು ಮತ್ತೆ ಬೆಳೆಸಲಾರದು. ಸಕ್ಕರೆ ಕಾಯಿಲೆ, ದಮ್ಮುಗಳನ್ನೂ ಇದರಿಂದಲೇ ವಾಸಿ ಮಾಡುತ್ತೇವೆ ಎಂಬವರ ಮಾತನ್ನು ನಂಬಬೇಡಿ.

ಇಂಥ ನೋವಿಗೆ ಮೊದಲು ಆಸ್ಪತ್ರೆ

ಈ ಲಕ್ಷಣಗಳಿದ್ದರೆ ಯಾರಿಂದಲೂ ಬೆನ್ನು ಒತ್ತಿಸಿಕೊಳ್ಳಬಾರದು:

1. ಮರದಿಂದ, ಗಾಡಿಯಿಂದ ಬಿದ್ದ ಮೇಲೆ ಬಂದ ನೋವು.

2. ಕಾಲಿನಲ್ಲಿ ಶಕ್ತಿ ಕುಂದುವುದು, ತೊಡೆಸಂದಿಯ ಸುತ್ತ ಜೋಮು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು. ಇದು ತುರ್ತು, ಮರುದಿನಕ್ಕೆ ಕಾಯಬೇಡಿ.

3. ಜ್ವರ, ಮೈ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು. ಬೆನ್ನುಮೂಳೆಗೆ ಕ್ಷಯ ತಗಲಿದಾಗ ಹೀಗಾಗಬಹುದು.

4. ವಯಸ್ಸಾದ ಹೆಂಗಸರಲ್ಲಿ ಇದ್ದಕ್ಕಿದ್ದಂತೆ ಬಂದ ಬೆನ್ನುನೋವು. ಟೊಳ್ಳಾದ ಮೂಳೆ ತಾನಾಗಿಯೇ ಕುಸಿದಿರಬಹುದು.

ಹಸು, ಎಮ್ಮೆ, ಕುರಿ ಸಾಕುವವರು ಇನ್ನೊಂದನ್ನು ನೆನಪಿಡಬೇಕು. ಜಾನುವಾರು ಕಂದು ಹಾಕುವ ಬ್ರೂಸೆಲ್ಲ ರೋಗ ಮನುಷ್ಯರಿಗೂ ಅಂಟುತ್ತದೆ. ಬಂದು ಹೋಗುವ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು ಅದರ ಲಕ್ಷಣ. ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ, ಹಲವು ವಾರ ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ. ಒತ್ತಿಸಿಕೊಳ್ಳುತ್ತ ಕಾಲ ಕಳೆದರೆ ರೋಗ ಬೆನ್ನುಮೂಳೆಯಲ್ಲೇ ಬಲಿಯುತ್ತದೆ. ಆದ್ದರಿಂದ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ. ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಆಳವಾಗಿ ಹೂಳಿ ಸುಣ್ಣ ಹಾಕಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಿ.

ಚಿಕಿತ್ಸಕರನ್ನು ಕೇಳಬೇಕಾದ್ದು

ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಔಷಧಿ, ಶಸ್ತ್ರಕ್ರಿಯೆ ಎಲ್ಲ ಕಲಿತ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ 1993ರ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ. ಇಲ್ಲಿನ ಫಲಕದಲ್ಲಿ ಅದೇ ಹೆಸರಿದ್ದ ಮಾತ್ರಕ್ಕೆ ಅದೇ ಓದು ಎಂದು ತಿಳಿಯಬಾರದು. ಯಾವ ಕಾಲೇಜು, ಎಷ್ಟು ವರ್ಷದ ಓದು, ಫಿಸಿಯೋಥೆರಪಿ ಪದವಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು ಎಂಬುದನ್ನೂ ಮೊದಲೇ ಕೇಳಿ. ಕೆಲವು ಸಲದಲ್ಲಿ ಗುಣ ಕಾಣದಿದ್ದರೆ ಮುಂದುವರಿಸಬೇಡಿ. ಕುತ್ತಿಗೆಯನ್ನು ರಭಸದಿಂದ ತಿರುಗಿಸಲು ಬಿಡಬೇಡಿ. ಅಪರೂಪವಾದರೂ ರಕ್ತನಾಳ ಹರಿದು ಲಕ್ವ ಹೊಡೆದದ್ದುಂಟು. ಕಾರಣ ತಿಳಿಯಲು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೋ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲೋ ತೋರಿಸಿದರೆ ಹಣವೂ ಉಳಿಯುತ್ತದೆ.

ಹೊಲದಲ್ಲಿ ಮಾಡಬೇಕಾದ್ದು

ಬೆನ್ನು ಬಗ್ಗಿಸಿ ಮಾಡುವ ಕೆಲಸ ಹಾಗೆಯೇ ಮುಂದುವರಿದರೆ ಯಾವ ಚಿಕಿತ್ಸೆಯೂ ನಿಲ್ಲದು. ಗಿಡ್ಡ ಕುಡುಗೋಲು, ಕಿರುಗುದ್ದಲಿಯ ಬದಲು ಸಾಧ್ಯವಾದ ಕಡೆ ಉದ್ದ ಹಿಡಿಯ ಸಲಕರಣೆ ಬಳಸಿ. ರಾಗಿಯ ಸಾಲಿನಲ್ಲಿ ಸೈಕಲ್ ಕುಂಟೆ ಆಡಿಸಿದರೆ ನಿಂತೇ ಕಳೆ ತೆಗೆಯಬಹುದು. 45 ಕಿಲೋ ಯೂರಿಯ ಚೀಲವನ್ನು ಒಬ್ಬರೇ ಎತ್ತಬೇಡಿ. ಎತ್ತಲೇಬೇಕಾದರೆ ಮಂಡಿ ಮಡಿಸಿ, ಚೀಲವನ್ನು ಮೈಗೆ ಒತ್ತಿಕೊಂಡು ಏಳಿ. 16 ಲೀಟರ್ ಸಿಂಪರಣಾ ಯಂತ್ರಕ್ಕೆ ಅರ್ಧ ನೀರು ತುಂಬಿ, ಎರಡು ಸಲ ನಡೆಯಿರಿ. ಹಾಲು ಕರೆಯಲು ಎತ್ತರದ ಮಣೆ ಹಾಕಿಕೊಳ್ಳಿ. ನೋವೆಂದು ವಾರಗಟ್ಟಲೆ ಮಲಗಬೇಡಿ, ಆದಷ್ಟು ಓಡಾಡುತ್ತಿರಿ.

ನಾಟಿ, ಕಳೆ, ಕುಯ್ಲುಗಳಲ್ಲಿ ಹೆಚ್ಚು ಹೊತ್ತು ಬಗ್ಗುವವರು ಮನೆಯ ಹೆಂಗಸರು. ಅವರ ಸೊಂಟನೋವನ್ನು "ವಯಸ್ಸಾಯಿತು" ಎಂದು ತಳ್ಳಿಹಾಕದೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.