ಮೂರನೇ ಸಿಲಿಂಡರಿನ ಬಿಸಿ

ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಇಂಜಿನ್ ಒಡೆದಾಗ ಬಿಚ್ಚಿ ನೋಡಿದರೆ, ಕೇಡು ಬಹಳ ಸಲ ಶುರುವಾಗಿರುವುದು ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಲ್ಲಿ. ನಾಲ್ಕು ಸಿಲಿಂಡರುಗಳೂ ಒಂದೇ ಅಳತೆಯವು, ಕುಡಿಯುವುದೂ ಒಂದೇ ಪೆಟ್ರೋಲ್. ಮೂರನೆಯದಕ್ಕೇ ಏಕೆ ಈ ಗತಿ?

1950ರಲ್ಲಿ ಜರ್ಮನಿಯಲ್ಲಿ ತಯಾರಾಗತೊಡಗಿದ ಈ ವ್ಯಾನಿನ ಹಿಂಬದಿಯಲ್ಲಿ ಕೂರಿಸಿದ್ದು ಬೀಟಲ್ ಕಾರಿನ ಇಂಜಿನ್ನನ್ನೇ. ಆಗ ಅದರ ಬಲ ಬರೀ 25 ಅಶ್ವಶಕ್ತಿ; 1600 ಸಿಸಿಗೆ ಬೆಳೆದಾಗಲೂ ಐವತ್ತರ ಆಸುಪಾಸು. ವ್ಯಾನಿನ ಮುಖವೋ ಅಗಲ, ಚಪ್ಪಟೆ. ಎದುರುಗಾಳಿಯನ್ನು ನೂಕುತ್ತ, ಜನ ಸಾಮಾನು ಹೊತ್ತು ಹೆದ್ದಾರಿಯಲ್ಲಿ ಓಡಬೇಕಾದರೆ ಇಂಜಿನ್ ಸದಾ ತನ್ನ ಪೂರ್ತಿ ಬಲ ಹಾಕಬೇಕು. ದುಡಿದಷ್ಟೂ ಬಿಸಿ.

ಆ ಬಿಸಿ ಕಳೆಯಲು ರೇಡಿಯೇಟರ್ ಇಲ್ಲ, ನೀರಿಲ್ಲ. ನಮ್ಮ ಬೈಕುಗಳ ಸಿಲಿಂಡರಿನ ಸುತ್ತ ಕಾಣುವಂಥ ಲೋಹದ ರೆಕ್ಕೆಗಳ ಮೇಲೆ ಫ್ಯಾನ್ ಗಾಳಿ ಊದುತ್ತದೆ, ಅಷ್ಟೆ. ಹಳೆಯ ಇಂಜಿನ್ನುಗಳಲ್ಲಿ ಆಯಿಲ್ ಕೂಲರ್ ಆ ಗಾಳಿಯ ದಾರಿಯಲ್ಲೇ, ಮೂರನೇ ಸಿಲಿಂಡರಿಗೆ ಅಡ್ಡವಾಗಿ ನಿಂತಿತ್ತು. ಹಾಗಾಗಿ ಅಲ್ಲಿಗೆ ತಲುಪುತ್ತಿದ್ದುದು ಆಯಿಲಿನ ಬಿಸಿ ಹೀರಿಕೊಂಡು ಬಂದ ಗಾಳಿ. 1971ರ ಮಾದರಿಯಲ್ಲಿ ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೇ ಬೇರೆ ದಾರಿ ಮಾಡಿಕೊಟ್ಟರು. ಅಷ್ಟರಲ್ಲಿ ಲಕ್ಷಾಂತರ ವ್ಯಾನುಗಳು ರಸ್ತೆಗಿಳಿದಾಗಿತ್ತು.

ಎಕ್ಸಾಸ್ಟ್ ವಾಲ್ವಿನ ಪಾಡು ನೋಡಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಉರಿದ ಅನಿಲವೆಲ್ಲ ಅದರ ಮೈ ಸವರಿಕೊಂಡೇ ಹೊರಹೋಗಬೇಕು. ಮುಚ್ಚಿ ಸೀಟಿನ ಮೇಲೆ ಕೂತಾಗ ಮಾತ್ರ ಅದರ ಬಿಸಿ ಹೆಡ್ಡಿಗೆ ಹರಿದು ವಾಲ್ವ್ ತುಸು ತಣಿಯುತ್ತದೆ. ಹೆಡ್ಡೇ ಸುಡುತ್ತಿದ್ದರೆ ಆ ಬಿಡುವೂ ಸಾಲದು. ವಾಲ್ವಿನ ತಲೆಯನ್ನು ಸೀಟು ಹಿಡಿದಿರುತ್ತದೆ, ಕಾಂಡವನ್ನು ಸ್ಪ್ರಿಂಗ್ ಎಳೆಯುತ್ತಿರುತ್ತದೆ. ಕೆಂಪಗೆ ಕಾದ ಲೋಹ ಹೀಗೆ ಎಳೆತಕ್ಕೆ ಸಿಕ್ಕರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಉದ್ದವಾಗುತ್ತದೆ, ಮತ್ತೆ ಕುಗ್ಗುವುದಿಲ್ಲ. ಲೋಹವಿಜ್ಞಾನದಲ್ಲಿ ಇದಕ್ಕೆ ಕ್ರೀಪ್ ಎನ್ನುತ್ತಾರೆ. ಕೊನೆಗೊಂದು ದಿನ ತಲೆ ಮುರಿದು ಸಿಲಿಂಡರಿನೊಳಗೆ ಬೀಳುತ್ತದೆ. ಮೇಲೇರಿ ಬರುವ ಪಿಸ್ಟನ್ನಿಗೆ ಅದು ಸಿಕ್ಕಿತೆಂದರೆ ಪಿಸ್ಟನ್ ತೂತು, ಹೆಡ್ ಚೂರು, ಕೆಲವೊಮ್ಮೆ ಕನೆಕ್ಟಿಂಗ್ ರಾಡ್ ಮೆಗ್ನೀಸಿಯಂ ಮಿಶ್ರಲೋಹದ ಕ್ರ್ಯಾಂಕ್‌ಕೇಸನ್ನೇ ಒಡೆದು ಹೊರಬರುತ್ತದೆ.

ಚಾಲಕನಿಗೆ ಇದು ದಿಢೀರ್ ಆಘಾತ. ಆದರೆ ಟ್ಯಾಪೆಟ್ ಗ್ಯಾಪ್ ನೋಡಿದವರಿಗೆ ಮುನ್ಸೂಚನೆ ಮೊದಲೇ ಸಿಕ್ಕಿರುತ್ತದೆ. 1600 ಸಿಸಿ ಇಂಜಿನ್ ತಣ್ಣಗಿರುವಾಗ ರಾಕರ್ ತೋಳಿಗೂ ವಾಲ್ವ್ ಕಾಂಡಕ್ಕೂ ನಡುವೆ 0.15 ಮಿ.ಮೀ. ಸಂದು ಇರಬೇಕು. ವಾಲ್ವ್ ಉದ್ದವಾದಷ್ಟೂ ಈ ಸಂದು ಕಿರಿದಾಗುತ್ತದೆ. ಪೂರ್ತಿ ಮುಚ್ಚಿಹೋದರೆ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ತಣಿಯುವ ದಾರಿಯೂ ಮುಚ್ಚಿತು. ಟ್ಯಾಪೆಟ್ಟಿನ ಟಿಕ್‌ಟಿಕ್ ಸದ್ದು ನಿಂತಿದ್ದಕ್ಕೆ ಇಂಜಿನ್ ನಯವಾಯಿತೆಂದು ಹಿಗ್ಗುವವರಿದ್ದಾರೆ. ಹೆದರಬೇಕಾದದ್ದು ಆಗಲೇ! ಫೀಲರ್ ಗೇಜ್ ಹಾಕಿದಾಗ ಒಂದೇ ವಾಲ್ವಿನ ಗ್ಯಾಪ್ ಪ್ರತಿಸಲವೂ ಕಡಿಮೆ ಕಂಡರೆ, ಸ್ಕ್ರೂ ತಿರುಗಿಸಿ ಸರಿಮಾಡಿಕೊಂಡು ಓಡಿಸುವುದು ತರವಲ್ಲ. ಹೆಡ್ ಬಿಚ್ಚಿ ವಾಲ್ವನ್ನೂ ಸೀಟನ್ನೂ ನೋಡಬೇಕು.

ಆಯಿಲಿನದು ಇನ್ನೊಂದು ಕಥೆ. ಇಡೀ ಇಂಜಿನ್ನಿಗೆ ಇರುವುದು ಎರಡೂವರೆ ಲೀಟರ್. ಸೋರಿ ಕಡಿಮೆಯಾದರೆ, ಇಲ್ಲವೆ ಕಾದು ತೀರಾ ತೆಳುವಾದರೆ, ಬೇರಿಂಗುಗಳ ನಡುವಿನ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ತಿಕ್ಕುತ್ತದೆ.

ವ್ಯಾನಿಗೆ ಹೊಸ ಬಣ್ಣ ಬಳಿಸಿ ಮೆರೆಸುವವರು ಇಂಜಿನ್ ಸುತ್ತಲಿನ ತಗಡು, ರಬ್ಬರ್ ಪಟ್ಟಿಗಳನ್ನು ಬೇಡವೆಂದು ಕಿತ್ತೆಸೆಯುವುದು ನಿಜಕ್ಕೂ ಸಂಕಟದ ವಿಷಯ. ಕೆಳಗಿನ ಎಕ್ಸಾಸ್ಟಿನ ಬಿಸಿಗಾಳಿ ಮೇಲೆ ಬಾರದಂತೆ ತಡೆಯುವುದು ಅವೇ. ಅವಿಲ್ಲದಿದ್ದರೆ ಫ್ಯಾನ್ ಅದೇ ಬಿಸಿಗಾಳಿಯನ್ನು ಎಳೆದು ಮತ್ತೆ ಸಿಲಿಂಡರುಗಳ ಮೇಲೆ ಊದುತ್ತದೆ.

ಆ ಫ್ಯಾನನ್ನು ತಿರುಗಿಸುವುದು ಡೈನಮೊದ ಬೆಲ್ಟೇ. ಬೆಲ್ಟ್ ಹರಿದರೆ ಡೈನಮೊ ನಿಂತು ಮುಂದೆ ಕೆಂಪು ದೀಪ ಹೊತ್ತುತ್ತದೆ. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಊರು ಮುಟ್ಟಿ ನೋಡೋಣ ಎಂದು ಮುಂದುವರಿಯುವಂತಿಲ್ಲ. ಇಂಜಿನ್ನಿಗೆ ಗಾಳಿ ನಿಂತಿದೆ ಎಂದೇ ತಿಳಿದು ಅಲ್ಲೇ ಗಾಡಿ ಬದಿಗೆ ಹಾಕಿ ಆಫ್ ಮಾಡಬೇಕು. ಒಂದು ಬಿಡಿ ಬೆಲ್ಟು, ಒಂದು ಸ್ಪ್ಯಾನರ್ ಗಾಡಿಯಲ್ಲೇ ಇದ್ದರೆ ರಸ್ತೆಬದಿಯಲ್ಲೇ ಹಾಕಿಕೊಳ್ಳಬಹುದು.