ವಿಭಾಗದ ಜನ, ಮನೆಯ ಮಾತು: ರಾಮನಗರ–ಚನ್ನಪಟ್ಟಣ ಸೀಮೆಯ ಕನ್ನಡವನ್ನು ಕುರಿತು

ಒಂದು ಭಾಷೆಯ ಅಧ್ಯಯನಕ್ಕೆಂದೇ ರೂಪುಗೊಂಡ ವಿಶ್ವವಿದ್ಯಾನಿಲಯ ವಿಭಾಗದ ಚರಿತ್ರೆಯನ್ನು ಬರೆಯುವಾಗ ಗ್ರಂಥಗಳ, ಪೀಠಗಳ, ಯೋಜನೆಗಳ ವಿವರ ಬರುತ್ತದೆ. ವಿಭಾಗದ ಜನ ತಮ್ಮ ಮನೆಯಿಂದ ಯಾವ ಮಾತನ್ನು ತಂದರು, ಆ ಮಾತು ಅಧ್ಯಯನದ ವಸ್ತುವಾಯಿತೇ ಎಂಬ ಪ್ರಶ್ನೆ ಅಲ್ಲಿ ಏಳುವುದು ವಿರಳ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಕನ್ನಡವನ್ನು ಮುಂದಿಟ್ಟುಕೊಂಡು ವಿವೇಚಿಸುತ್ತೇವೆ.

ಹೋಲಿಕೆಗೆ ಸ್ಕ್ಯಾಂಡಿನೇವಿಯನ್ ಅಧ್ಯಯನ ವಿಭಾಗವೊಂದರ ನಿದರ್ಶನ ಒದಗುತ್ತದೆ. 1931ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ, 1964ರಿಂದ ಹಾರ್ವರ್ಡ್‌ನಲ್ಲಿ ಸ್ಕ್ಯಾಂಡಿನೇವಿಯನ್ ಭಾಷೆಗಳ ಪ್ರಾಧ್ಯಾಪಕರಾಗಿದ್ದ ಐನಾರ್ ಹೌಗನ್ ಅವರು ನಾರ್ವೆಯ ಓಪ್‌ಡಾಲ್ ಪ್ರದೇಶದಿಂದ ಅಮೆರಿಕಕ್ಕೆ ವಲಸೆ ಬಂದ ಕುಟುಂಬದವರು. ಅಮೆರಿಕದ ನಾರ್ವೇಜಿಯನ್ ಭಾಷೆಯನ್ನು ಕುರಿತು 1953ರಲ್ಲಿ ಅವರು ಪ್ರಕಟಿಸಿದ ಎರಡು ಸಂಪುಟಗಳ ಆಕರ, ಅವರ ಮನೆಯಂಥ ವಲಸಿಗರ ಮನೆಗಳಲ್ಲಿ ಆಡುತ್ತಿದ್ದ, ಇಂಗ್ಲಿಷ್ ಬೆರೆತ ‘ಅಶುದ್ಧ’ ಮಾತೇ. ಶಿಷ್ಟರೂಪವನ್ನು ಬೋಧಿಸುವ ವಿಭಾಗವೇ ಅಶಿಷ್ಟವೆನಿಸಿದ ಮಾತಿಗೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟಿತು.

ನಮ್ಮಲ್ಲಿ ಇದಕ್ಕೆ ಸಮೀಪವಾದ ಸಂಸ್ಥೆ 1966ರಲ್ಲಿ ಮೈಸೂರಿನಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ, ಇಂದಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ. ಅದನ್ನು ಕಟ್ಟಿದ ದೇ. ಜವರೇಗೌಡರು ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯವರು. ವಿಶ್ವಕೋಶ, ಶಾಸನ ಸಂಪುಟಗಳ ಪರಿಷ್ಕರಣೆ, ಭಾಷಾಂತರ, ಜಾನಪದ ವಸ್ತುಸಂಗ್ರಹಾಲಯ ಇವೆಲ್ಲ ಒಂದೇ ಸೂರಿನಡಿ ಬೆಳೆದವು. ಅಲ್ಲಿಯೇ ಇದ್ದ ಹಾ. ಮಾ. ನಾಯಕರು ಕನ್ನಡದ ಗ್ರಾಂಥಿಕ ಮತ್ತು ಆಡುನುಡಿಯ ಶೈಲಿಗಳನ್ನು ಕುರಿತು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದವರು. ಆ ಪ್ರಬಂಧ 1967ರಲ್ಲಿ ಪ್ರಕಟವಾಯಿತು. ಇಷ್ಟಾದರೂ ಚಕ್ಕೆರೆಯಂಥ ಊರಿನ ಮಾತು ಹೌಗನ್ನರ ಓಪ್‌ಡಾಲ್ ನುಡಿಯ ಸ್ಥಾನವನ್ನು ಪಡೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಹಳ್ಳಿಯ ಹಾಡು, ಕಥೆ, ಒಗಟುಗಳು ಸಂಗ್ರಹಗೊಂಡವು. ಅವುಗಳ ಧ್ವನಿರಚನೆ ಹಿಂದೆ ಉಳಿಯಿತು.

ಆ ಧ್ವನಿರಚನೆಯ ಸೂಕ್ಷ್ಮವನ್ನು ತಿಳಿಯಲು ದೂರ ಹೋಗಬೇಕಿಲ್ಲ. ರಾಮನಗರದಲ್ಲಿ ಜನಿಸಿದ, ಕನ್ನಡ ಅಧ್ಯಾಪಕರೇ ಆಗಿದ್ದ ಜಿ. ಪಿ. ರಾಜರತ್ನಂ ಅವರ ಪ್ರಸಿದ್ಧ ಪಾತ್ರದ ಹೆಸರೇ ಸಾಕು: ಯೆಂಡ್ಕುಡ್ಕ ರತ್ನ. ‘ಹೆಂಡಕುಡುಕ’ ಎಂಬ ರೂಪದಲ್ಲಿ ಮೊದಲು ಪದಾದಿಯ ಹಕಾರ ಲೋಪವಾಗಿದೆ. ಹಾಗೆ ಪದಾದಿಗೆ ಬಂದ ಎಕಾರಕ್ಕೆ, ‘ಎಲೆ’ ಎಂಬುದು ಉಚ್ಚಾರಣೆಯಲ್ಲಿ ‘ಯೆಲೆ’ ಆಗುವಂತೆಯೇ, ಯಕಾರ ಸೇರಿದೆ. ಜೊತೆಗೆ ‘ಹೆಂಡ’ದ ಕೊನೆಯ ಅಕಾರವೂ ‘ಕುಡುಕ’ದ ನಡುವಿನ ಉಕಾರವೂ ಬಿದ್ದಿವೆ. ಇಲ್ಲಿ ನಿಯಮಗಳ ಕ್ರಮ ಗಮನಾರ್ಹ: ಹಕಾರ ಲೋಪವಾಗದೆ ಯಕಾರಾಗಮಕ್ಕೆ ಅವಕಾಶವೇ ಇಲ್ಲ. ಹಾಸ್ಯಕ್ಕಾಗಿ ಅಕ್ಷರಗಳನ್ನು ಕೆಡಿಸಿದಂತೆ ಓದುಗರಿಗೆ ತೋರುವ ಈ ರೂಪ ವಾಸ್ತವದಲ್ಲಿ ನಿಯಮಬದ್ಧವಾದುದು.

ನಾವು ಕ್ಷೇತ್ರಕಾರ್ಯದಲ್ಲಿ ಕೇಳಿದ ‘ವೊಲಕ್ಕೋಯ್ತೀನಿ’ ಎಂಬ ಉಕ್ತಿ ಇನ್ನೂ ಸಮೃದ್ಧವಾದುದು. ‘ಹೊಲಕ್ಕೆ’, ‘ಹೋಗ್ತೀನಿ’ ಎಂಬ ಎರಡೂ ಪದಗಳ ಹಕಾರ ಇಲ್ಲಿ ಹೋಗಿದೆ. ಪರಿಣಾಮ ಮಾತ್ರ ಒಂದೇ ಅಲ್ಲ. ಉಕ್ತಿಯ ಆದಿಯಲ್ಲಿ ಒಕಾರಕ್ಕೆ ವಕಾರ ಸೇರುತ್ತದೆ. ನಡುವೆ ಸ್ವರಕ್ಕೆ ಸ್ವರ ಎದುರಾಗಿ ಲೋಪಸಂಧಿ ನಡೆಯುತ್ತದೆ. ತಕಾರದ ಹಿಂದಿನ ಗಕಾರ ಯಕಾರವಾಗುವುದು ಬೇರೆಯ ನಿಯಮ. ‘ಆಗ್ತದೆ’ ಎಂಬುದು ‘ಆಯ್ತದೆ’ ಆಗುವುದೂ ಇದರಿಂದಲೇ. ಹಳಗನ್ನಡದ ‘ಪೋಗು’ ನಡುಗನ್ನಡದಲ್ಲಿ ‘ಹೋಗು’ ಆದ ಸರಣಿಯ ಮೂರನೆಯ ಹಂತ ಈ ‘ಓಗು’. ಪಕಾರ ಹಕಾರವಾದುದನ್ನು ಭಾಷೆಯ ಬೆಳವಣಿಗೆಯೆಂದು ಬೋಧಿಸುವ ನಾವು, ಹಕಾರ ಲೋಪವಾದುದನ್ನು ಉಚ್ಚಾರದೋಷವೆಂದು ಕರೆಯುವುದು ವಿಚಿತ್ರ.

ಈ ಸೀಮೆ ಅಲಕ್ಷ್ಯಕ್ಕೆ ಒಳಗಾದುದಕ್ಕೆ ಅದರ ಸಾಮೀಪ್ಯವೇ ಒಂದು ಕಾರಣವೆಂದು ನಮಗೆ ತೋರುತ್ತದೆ. ನಂಜನಗೂಡು, ಗುಲ್ಬರ್ಗಗಳ ಕನ್ನಡಕ್ಕೆ ಪುಣೆಯ ಡೆಕ್ಕನ್ ಕಾಲೇಜು ವಿವರಣಾತ್ಮಕ ಗ್ರಂಥಗಳನ್ನು ಪ್ರಕಟಿಸಿತು. ಬೆಂಗಳೂರು–ಮೈಸೂರುಗಳ ನಡುವೆ ಬಿದ್ದ ಊರುಗಳ ಮಾತು ಶಿಷ್ಟಕನ್ನಡವೇ ಎಂದು ಭಾವಿಸಲಾಯಿತು. ವಿಲಿಯಂ ಬ್ರೈಟ್ ಅವರು 1960ರ ಸುಮಾರಿಗೆ ಬ್ರಾಹ್ಮಣ ಮತ್ತು ಒಕ್ಕಲಿಗ ಕನ್ನಡಗಳನ್ನು ಹೋಲಿಸಿದಾಗ ‘ಹಾಲು–ಆಲು’, ‘ಇದೆ–ಐತೆ’ಗಳಂಥ ಭೇದಗಳು ಜಾತಿಯ ಅಕ್ಷದ ಮೇಲೆ ನಿಂತವು. ಹೋಲಿಕೆ ಉಪಯುಕ್ತವೇ, ಆದರೆ ಊರಿನ ಅಕ್ಷ, ಶಾಲೆಯ ಅಕ್ಷ ಅದರಲ್ಲಿ ಬದಿಗೆ ಸರಿದವು.

ಇದರ ಪರಿಣಾಮ ಇಂದಿನ ದತ್ತಾಂಶದಲ್ಲಿಯೇ ಕಾಣುತ್ತದೆ. ಈ ತಾಲ್ಲೂಕುಗಳಿಂದ ನಮ್ಮಲ್ಲಿಗೆ ಬರುವ ಸಂಶೋಧನಾರ್ಥಿಗಳು ತಮ್ಮ ಅಜ್ಜಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಬರುತ್ತಾರೆ. ಮುದ್ರಣದಲ್ಲಿ ‘ವೊಲಕ್ಕೋಯ್ತೀನಿ’, ಲಿಪ್ಯಂತರದಲ್ಲಿ ‘ಹೊಲಕ್ಕೆ ಹೋಗುತ್ತೇನೆ’. ತಿದ್ದಿದ ಅರಿವೇ ಅವರಿಗಿರುವುದಿಲ್ಲ, ಏಕೆಂದರೆ ಶಾಲೆಯಲ್ಲಿ ಹತ್ತಾರು ವರ್ಷ ಅವರನ್ನು ತಿದ್ದಿದ್ದೂ ಹೀಗೆಯೇ. ಕೆಲವರು ವಿರುದ್ಧ ದಿಕ್ಕಿಗೂ ಜಾರುತ್ತಾರೆ: ತರಗತಿಯಲ್ಲಿ ಎದ್ದು ನಿಂತು ಮಾತನಾಡುವಾಗ ‘ಅಕ್ಕಿ’ಗೆ ‘ಹಕ್ಕಿ’ ಎನ್ನುತ್ತಾರೆ, ಉಳಿದವರು ನಗುತ್ತಾರೆ. ಈ ಅತಿಶುದ್ಧೀಕರಣವನ್ನು ಕಲಿಕೆಯ ಕೊರತೆಯೆಂದು ಬರೆದುಬಿಟ್ಟರೆ, ಆಡುಗನ ಮನೆಯ ಮಾತಿನಲ್ಲಿ ಹಕಾರ ವ್ಯತ್ಯಾಸಕ ಧ್ವನಿಯಲ್ಲ ಎಂಬ ಮುಖ್ಯ ಸಾಕ್ಷ್ಯ ಕೈತಪ್ಪುತ್ತದೆ.

ಆದ್ದರಿಂದ ಲಿಪ್ಯಂತರಕ್ಕೆ ಎರಡು ಸಾಲುಗಳನ್ನು ಕಡ್ಡಾಯಗೊಳಿಸಿದ್ದೇವೆ: ಮೇಲೆ ಕೇಳಿದ್ದು, ಕೆಳಗೆ ಶಿಷ್ಟರೂಪ. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಧ್ವನಿಮುದ್ರಣ ಕೇಳಿ ಪರಿಶೀಲಿಸಬೇಕು, ಅವರು ಬೇರೆ ತಾಲ್ಲೂಕಿನವರಾಗಿರಬೇಕು. ಈ ಕ್ರಮ ಆರಂಭವಾದ ಮೇಲೆ ಮಾಗಡಿ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನದೇ ಮುದ್ರಿತ ಪ್ರಶ್ನೆಗಳಲ್ಲಿಯೂ ಹಕಾರ ಬಿಟ್ಟಿರುವುದನ್ನು ಗುರುತಿಸಿ, ವಕ್ತೃಗಳ ಪಟ್ಟಿಯಲ್ಲಿ ತನ್ನ ಹೆಸರನ್ನೂ ಸೇರಿಸಬಹುದೇ ಎಂದು ಕೇಳಿದಳು. ಸೇರಿಸಲು ಹೇಳಿದೆವು, ಊರು, ವಯಸ್ಸು, ವ್ಯಾಸಂಗದ ವರ್ಷಗಳ ಸಮೇತ.