ಕ್ರೇಟು: ಪಾತ್ರೆಯೋ, ಅಳತೆಯೋ?

ಪೊಳ್ಳಾಚಿ, ಕಿಣತ್ತುಕ್ಕಡವು, ಉಡುಮಲಪೇಟೆ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಕನ್ನಡವೂ ಅಲ್ಲದ, ತಮಿಳೂ ಅಲ್ಲದ ಒಂದು ಮಾತು ಎಲ್ಲರ ಬಾಯಲ್ಲಿಯೂ ಇದೆ. ಅದೇ ‘ಕ್ರೇಟು’. “ಕ್ರೇಟನ್ನು ಗಾಡಿಗೆ ಏರಿಸು” ಎನ್ನುತ್ತೇವೆ, “ಕ್ರೇಟಿಗೆ ಏನು ರೇಟು?” ಎಂದೂ ಕೇಳುತ್ತೇವೆ. ಮೊದಲನೆಯ ಮಾತಿನಲ್ಲಿ ಕ್ರೇಟು ಒಂದು ಪಾತ್ರೆ. ಎರಡನೆಯದರಲ್ಲಿ ಅದೇ ಒಂದು ಅಳತೆ. ಈ ಎರಡು ಅರ್ಥಗಳನ್ನು ಬೆರೆಸಿಕೊಂಡರೆ ನಷ್ಟವಾಗತಕ್ಕದ್ದು ಬೆಳೆದವನಿಗೇ. ಆದುದರಿಂದ ಈ ವಾರ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಇಂಗ್ಲಿಷ್ ಮಾತು ಲ್ಯಾಟಿನ್ ಭಾಷೆಯ ‘ಕ್ರಾಟಿಸ್’ ಎಂಬುದರಿಂದ ಬಂದಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಅದರ ಅರ್ಥ ಕಡ್ಡಿಗಳಿಂದ ಹೆಣೆದ ತಡಿಕೆ, ತಟ್ಟಿ. ಅಂದರೆ ನಡುನಡುವೆ ಸಂದು ಇರುವುದೇ ಕ್ರೇಟಿನ ಗುಣ. ನಾಲ್ಕು ಕಡೆಯೂ ಮುಚ್ಚಿದ್ದರೆ ಅದು ಪೆಟ್ಟಿಗೆ, ರಟ್ಟಿನದಾದರೆ ಕಾರ್ಟನ್, ಅಂಚು ಗಿಡ್ಡವಾಗಿದ್ದರೆ ಟ್ರೇ. ತಮಿಳಿನವರು ಇವೆಲ್ಲಕ್ಕೂ ‘ಪೆಟ್ಟಿ’ ಎಂದುಬಿಡುವುದುಂಟು. ನಾವೂ ಅದನ್ನೇ ಕಲಿತಿದ್ದೇವೆ.

ಮೊದಲು ಪಾತ್ರೆಯ ವಿಚಾರ. ಬಿದಿರಿನ ಬುಟ್ಟಿಗಳನ್ನು ಒಂದರ ಮೇಲೊಂದು ಇಟ್ಟಾಗ ಮೇಲಿನ ಬುಟ್ಟಿಯ ಭಾರವೆಲ್ಲ ಕೆಳಗಿನ ಹಣ್ಣಿನ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಾಗಲ್ಲ. ಮೇಲಿನ ಕ್ರೇಟು ಕೆಳಗಿನದರ ಅಂಚಿನ ಮೇಲೆ ಕುಳಿತುಕೊಳ್ಳುತ್ತದೆ. ಭಾರವು ಗೋಡೆಗಳ ಮೂಲಕ ನೆಲಕ್ಕೆ ಇಳಿಯುತ್ತದೆ, ಹಣ್ಣಿಗೆ ತಾಗುವುದಿಲ್ಲ. ಆದರೆ ಅಂಚಿನ ಮಟ್ಟಕ್ಕಿಂತ ಕೆಳಗೆ ತುಂಬಿದಾಗ ಮಾತ್ರ ಈ ಲಾಭ. ಗೋಪುರದಂತೆ ಒಟ್ಟಿದರೆ ಮೇಲಿನ ಕ್ರೇಟಿನ ತಳವು ಹಣ್ಣನ್ನೇ ಒತ್ತುತ್ತದೆ. ಕ್ರೇಟು ಇದ್ದೂ ಇಲ್ಲದಂತಾಗುತ್ತದೆ.

ಗೋಡೆಯ ತೂತುಗಳು ಅಂದಕ್ಕಾಗಿ ಬಿಟ್ಟವಲ್ಲ. ಗಿಡದಿಂದ ಬಿಡಿಸಿದ ಮೇಲೂ ಟೊಮೆಟೊ ಉಸಿರಾಡುತ್ತಲೇ ಇರುತ್ತದೆ. ಅದರಿಂದ ಶಾಖವೂ ತೇವವೂ ಹುಟ್ಟುತ್ತವೆ. ಅವು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹಣ್ಣು ಬೆವರಿ, ಬೂಷ್ಟು ಹಿಡಿದು ಕೊಳೆಯುತ್ತದೆ. ತೂತು ಮುಚ್ಚುವಂತೆ ಒಳಗೆ ಕಾಗದ ಹಾಸುವುದು ಒಳ್ಳೆಯದಲ್ಲ. ಒಂದು ಕೊಳೆತ ಹಣ್ಣಿನ ರಸ ಅಂಟಿಕೊಂಡ ಕ್ರೇಟು ಮುಂದಿನ ಕೊಯ್ಲಿಗೂ ರೋಗವನ್ನು ದಾಟಿಸುತ್ತದೆಯಾದ್ದರಿಂದ ಪ್ರತಿ ಸಲವೂ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಇಡಬೇಕು. ನಮ್ಮ ಸೀಮೆಯ ತೆಂಗಿನಕಾಯಿಗೆ ಈ ಉಪಚಾರ ಬೇಕಿಲ್ಲ. ಅದರ ಸಿಪ್ಪೆಯೇ ಅದಕ್ಕೆ ಕ್ರೇಟು.

ಇನ್ನು ಅಳತೆಯ ವಿಚಾರ. ಪಾತ್ರೆಯೇ ಅಳತೆಯಾಗುವುದು ನಮಗೆ ಹೊಸದಲ್ಲ. ಹಿಂದೆ ಕೊಳಗ, ಬಳ್ಳ, ಸೇರುಗಳು ಪಾತ್ರೆಗಳೂ ಹೌದು, ಅಳತೆಗಳೂ ಹೌದು, ಕೊಂಗುನಾಡಿನವರಿಗೆ ‘ವಳ್ಳ’ವಿತ್ತು. ಊರಿಂದೂರಿಗೆ ಇವು ಬದಲಾಗುತ್ತಿದ್ದುದರಿಂದಲೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂತು. 1958ರಿಂದ ಹಂತಹಂತವಾಗಿ ದೇಶವೆಲ್ಲ ಕಿಲೋ, ಲೀಟರುಗಳಿಗೆ ತಿರುಗಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನ ಕಾಯಿದೆ. ಸರಕಿನ ಬೆಲೆಯನ್ನು ಗೊತ್ತಾದ ತೂಕ, ಅಳತೆ ಅಥವಾ ಎಣಿಕೆಯಲ್ಲಿಯೇ ಹೇಳಬೇಕೆಂಬುದು ಅದರ ಕಟ್ಟಳೆ.

ಎಣಿಕೆಯಿರುವ ಕಡೆ ತೊಡಕಿಲ್ಲ. ನಾಮಕ್ಕಲ್ಲಿನ ಮೊಟ್ಟೆಯ ಟ್ರೇಯಲ್ಲಿ 30 ಗುಳಿಗಳಿವೆ, ಮಗುವೂ ಎಣಿಸಬಹುದು. ಟೊಮೆಟೊ ಕ್ರೇಟಿಗೆ ಅಂತಹ ಗುಳಿಗಳಿಲ್ಲ. ಉಡುಮಲಪೇಟೆಯ ದರ ಹೇಳುವಾಗ ಪತ್ರಿಕೆಗಳು 14 ಕಿಲೋ ಪೆಟ್ಟಿಯ ಲೆಕ್ಕ ಹಿಡಿಯುತ್ತವೆ. ಕೋಲಾರದಲ್ಲಿ 15 ಕಿಲೋ. ಮದನಪಲ್ಲಿಯಲ್ಲಿ 25ರಿಂದ 30 ಕಿಲೋ. ಕೋಲಾರದ ನಂಟರು ಫೋನಿನಲ್ಲಿ “ಇಲ್ಲಿ 280 ರೂಪಾಯಿ” ಎಂದರೆ, “ಇಲ್ಲಿಯೂ ಅಷ್ಟೇ” ಎಂದು ಉತ್ತರಿಸುವ ಮುನ್ನ ಭಾಗಿಸಿ ನೋಡಿರಿ. 14 ಕಿಲೋಗೆ 280 ಎಂದರೆ ಕಿಲೋಗೆ 20 ರೂಪಾಯಿ. 15 ಕಿಲೋಗೆ ಆದರೆ 18 ರೂಪಾಯಿ 67 ಪೈಸೆ.

ಮೇಲೆ ಹೇಳಿದ ಗೋಪುರದ ಮಾತಿಗೆ ಇಲ್ಲಿ ಮತ್ತೆ ಬರಬೇಕು. 14 ಕಿಲೋ ಎಂದು ಬೆಲೆ ಕಟ್ಟುವ ಪೆಟ್ಟಿಗೆ ಒಟ್ಟಿ ಒಟ್ಟಿ 16 ಕಿಲೋ ತುಂಬಿ, ತೂಗದೆ ಕೊಟ್ಟರೆ ಪ್ರತಿಯೊಂದರಲ್ಲಿ 2 ಕಿಲೋ ಪುಕ್ಕಟೆ ಹೋಯಿತು. ಆ ಮೇಲೆ ಮೇಲ್ಗಡೆಯ ಹಣ್ಣು ನಜ್ಜುಗುಜ್ಜಾಗಿ, ಅದಕ್ಕಾಗಿಯೂ ಕಳೆಯುತ್ತಾರೆ. ಒಂದೇ ತಪ್ಪಿಗೆ ಎರಡು ದಂಡ.

ಇನ್ನೊಂದು ಸೋರಿಕೆ ಬರಿಯ ಕ್ರೇಟಿನ ತೂಕ. ತೂಗಿದ ಮೇಲೆ ಅದನ್ನು ಕಳೆಯುವುದು ನ್ಯಾಯವೇ. ಆದರೆ ಎಷ್ಟು? ನಿಮ್ಮ ಕ್ರೇಟು 1 ಕಿಲೋ 700 ಗ್ರಾಂ ಇದ್ದು, ಎರಡೂವರೆ ಕಿಲೋ ಕಳೆದರೆಂದು ಇಟ್ಟುಕೊಳ್ಳಿ. ಒಂದಕ್ಕೆ 800 ಗ್ರಾಂ. 100 ಕ್ರೇಟಿಗೆ 80 ಕಿಲೋ. ಕಿಲೋಗೆ 20ರಂತೆ 1,600 ರೂಪಾಯಿ. ಇದು ನಾಲ್ಕನೆಯ ತರಗತಿಯ ಗುಣಾಕಾರ. ಮನೆಯ ಹುಡುಗರಿಂದ ಮಾಡಿಸಿರಿ.

ಮಂಡಿಯಲ್ಲಿ ಕೊಡುವ ಚೀಟಿ ತಮಿಳಿನಲ್ಲಿರುತ್ತದೆ. ತಮಿಳು ಓದಲು ಬಾರದ ನಮ್ಮ ಹಿರಿಯರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಚೀಟಿಯಲ್ಲಿ ಬರುವ ಮಾತುಗಳು ಕೆಲವೇ: ‘ಪೆಟ್ಟಿ’ ಎಂದರೆ ಕ್ರೇಟಿನ ಸಂಖ್ಯೆ, ‘ಎಡೈ’ ಎಂದರೆ ತೂಕ, ‘ವಿಲೈ’ ಎಂದರೆ ಬೆಲೆ, ‘ಕಳಿವು’ ಎಂದರೆ ಕಳೆತ, ‘ಕೂಲಿ’ ನಮಗೆ ಗೊತ್ತಿರುವುದೇ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಕಳಿವಿನ ಸಾಲಿನಲ್ಲಿ ಎಷ್ಟಿದೆ, ಏತಕ್ಕಾಗಿ ಎಂದು ಅಲ್ಲಿಯೇ ಕೇಳಿರಿ. ಹೊತ್ತು ಮೀರಿದ ಮೇಲೆ ಕೇಳಿದರೆ ಫಲವಿಲ್ಲ.

ಕೊನೆಗೆ ರೈತ ಬಾಂಧವರು ಮಾಡಬೇಕಾದ ನಾಲ್ಕು ಕೆಲಸಗಳು:

1. ಒಂದೇ ಅಳತೆಯ ಕ್ರೇಟುಗಳನ್ನೇ ಕೊಳ್ಳಿರಿ. ಬರಿದನ್ನು ತೂಗಿ, ಆ ತೂಕವನ್ನೂ ನಿಮ್ಮ ಹೆಸರನ್ನೂ ಬಣ್ಣದಿಂದ ಗೋಡೆಯ ಮೇಲೆ ಬರೆಯಿರಿ. ಕ್ರೇಟು ತಪ್ಪಿಹೋಗುವುದೂ ಇದರಿಂದ ಕಡಮೆಯಾಗುತ್ತದೆ.

2. ಅಂಚಿಗಿಂತ ಎರಡು ಬೆರಳು ಕೆಳಗೆ ತುಂಬಿರಿ.

3. ಹೊಲದಲ್ಲಿಯೇ ಹತ್ತು ಕ್ರೇಟು ತೂಗಿ ಸರಾಸರಿ ಬರೆದಿಟ್ಟುಕೊಳ್ಳಿರಿ.

4. ಬೆಲೆ ಮಾತಾಡುವಾಗ ಕಿಲೋವಿನಲ್ಲಿಯೇ ಮಾತಾಡಿರಿ. ಸರ್ಕಾರದ ಮುದ್ರೆಯಿರುವ ತಕ್ಕಡಿಯಲ್ಲಿ ತೂಗಿಸಿರಿ.

1999ರಿಂದ ತಮಿಳುನಾಡಿನಲ್ಲಿ ನಡೆಯುತ್ತಿರುವ ಉಳವರ್ ಸಂತೆಗಳಲ್ಲಿ ಬೆಳೆದವನೇ ಕುಳಿತು ಕಿಲೋ ಲೆಕ್ಕದಲ್ಲಿ ಮಾರುತ್ತಾನೆ. ಪೊಳ್ಳಾಚಿಯಲ್ಲಿಯೂ ಅಂತಹ ಸಂತೆಯಿದೆ. ಫಸಲು ಸ್ವಲ್ಪವೇ ಇದ್ದಾಗ ಆ ದಾರಿಯನ್ನೂ ನೋಡಬಹುದು. ಹೆಚ್ಚಿದ್ದಾಗ ಮಂಡಿಗೆ ಹೋಗಲೇಬೇಕು. ಹೋಗುವಾಗ ಕ್ರೇಟಿನ ತೂಕ ತಿಳಿದುಕೊಂಡು ಹೋಗಿರಿ.